ಎಲ್ಲದಕ್ಕೂ ಲಕ್ವಾ ಅನ್ನಬೇಡಿ

ನಮ್ಮ ಕಡೆ ಕೈಕಾಲು ಆಡದೆ ಹೋದರೆ ಅದಕ್ಕೆ ಇರುವುದು ಒಂದೇ ಹೆಸರು, ಲಕ್ವಾ. ಬೈಲಹೊಂಗಲದ ಪೇಟೆಯಲ್ಲಿ ಕೇಳಿ, ಕಿತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿ, ಸವದತ್ತಿ, ರಾಮದುರ್ಗದ ಸಂತೆಗಳಲ್ಲಿ ಕೇಳಿ. ‘ಲಕ್ವಾ ಹೊಡದೈತಿ’ ಎಂಬ ಮಾತು ಹೊರಬಿತ್ತೆಂದರೆ ಮುಂದಿನದನ್ನೆಲ್ಲ ಜನರೇ ಹೇಳಿ ಮುಗಿಸುತ್ತಾರೆ. ಇಂಥ ಊರಲ್ಲಿ ಎಣ್ಣೆ ತಿಕ್ಕುತ್ತಾರೆ, ಇಂಥ ಕಡೆ ನಾಟಿ ಔಷಧ ಕೊಡುತ್ತಾರೆ, ಅದೂ ಆಗದಿದ್ದರೆ ಇನ್ನು ಹಾಸಿಗೆಯೇ ಗತಿ. ಆದರೆ ಮಿದುಳಿನ ಆಪರೇಷನ್ ಆದ ಕೆಲವರಿಗೆ ಕೈಕಾಲು ಕೆಲವು ವಾರ ಸುಮ್ಮನಾಗಿ, ಆಮೇಲೆ ಮತ್ತೆ ಆಡತೊಡಗುತ್ತವೆ. ಈ ಸ್ಥಿತಿಗೆ ನಮ್ಮ ಮಾತಿನಲ್ಲಿ ಹೆಸರಿಲ್ಲ. ಹೆಸರಿಲ್ಲದ್ದರಿಂದ ಅದೂ ಲಕ್ವಾದ ಲೆಕ್ಕಕ್ಕೇ ಸೇರಿಬಿಡುತ್ತದೆ. ಈ ಒಂದು ತಪ್ಪು ಲೆಕ್ಕ ಒಂದು ಮನೆಯನ್ನು ಎಷ್ಟು ಹೈರಾಣ ಮಾಡುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೇ ಈ ಬರಹ.

ನಾನು ಬೈಲಹೊಂಗಲ ತಾಲ್ಲೂಕಿನವಳು. ಫಿಸಿಯೋಥೆರಪಿ ಕೊನೆಯ ವರ್ಷದಲ್ಲಿದ್ದೇನೆ. ಅವ್ವನ ತವರು ರಾಮದುರ್ಗ. ಅಲ್ಲಿನ ನನ್ನ ಸೋದರಮಾವ ಮಗ್ಗದ ಕೆಲಸದವರು. ನಾವು ‘ಮಾಮಾ’ ಎನ್ನುತ್ತೇವೆ. ಮಾಮಾಗೆ ಒಂದು ವರ್ಷದಿಂದ ಆಗಾಗ ಬಲಗೈ ಸೆಟೆದುಕೊಂಡು ಫಿಟ್ಸ್ ಬರುತ್ತಿತ್ತು. ಮೊದಲ ಸಲ ಬಂದಾಗ ಓಣಿಯ ಮಂದಿ ಕೈಯಲ್ಲಿ ಕೀಲಿಕೈ ಹಿಡಿಸಿದರು, ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಮೂರನೆಯ ಸಲಕ್ಕೆ ಎಂಆರ್‌ಐ ಆಯಿತು. ಮಿದುಳಿನ ಎಡಭಾಗದಲ್ಲಿ, ನೆತ್ತಿಗೆ ಹತ್ತಿರ, ಸ್ವಲ್ಪ ಮುಂದಕ್ಕೆ ನಿಧಾನವಾಗಿ ಬೆಳೆಯುವ ಗಡ್ಡೆ ಕಾಣಿಸಿತು. ತೆಗೆಯಲೇಬೇಕು ಎಂದರು. ಎಳ್ಳ ಅಮಾಸಿ ಮುಗಿದ ಎರಡನೇ ದಿನಕ್ಕೆ, ಊರಿನಿಂದ ದೂರದ ಒಂದು ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ನಿಕ್ಕಿಯಾಯಿತು.

ಹಿಂದಿನ ಸಂಜೆ ಇಂಗ್ಲಿಷಿನಲ್ಲಿ ಅಚ್ಚಾದ ಫಾರ್ಮು ಬಂತು. ‘ರಿಸ್ಕ್ ಇರ್ತದ್ರಿ, ಸಹಿ ಮಾಡ್ರಿ’ ಎಂದರು. ಮಾಮಾನ ತಮ್ಮ ಸಹಿ ಮಾಡಿದರು. ಏನು ರಿಸ್ಕು, ಎಷ್ಟು ದಿನದ್ದು, ಯಾವ ಕೈಗೆ, ಮಾತಿಗೆ ಏನಾಗಬಹುದು ಎಂಬ ಮಾತೇ ಬರಲಿಲ್ಲ.

ಮಾಮಾ ತಮ್ಮ ಕಾಲ ಮೇಲೆ ನಡೆದುಕೊಂಡೇ ಆಸ್ಪತ್ರೆಗೆ ಹೋಗಿದ್ದರು. ಆಪರೇಷನ್ ಮರುದಿನ ಐಸಿಯುನಲ್ಲಿ ನೋಡಿದರೆ ಕಣ್ಣು ತೆರೆದಿವೆ, ನಾವು ಸರಿದತ್ತ ನೋಟ ಸರಿಯುತ್ತದೆ, ಆದರೆ ಬಾಯಲ್ಲಿ ಒಂದು ಮಾತಿಲ್ಲ. ಬಲಗೈ, ಬಲಗಾಲು ಅಲುಗುತ್ತಿಲ್ಲ. ಅತ್ತೆ ಹಣೆ ಹಣೆ ಬಡಿದುಕೊಂಡರು. ‘ನಡಕೊಂಡ ಬಂದವ್ರನ್ನ ಹೊತಗೊಂಡ ಹೋಗೂಹಂಗ ಮಾಡಿದ್ರಲ್ರೀ’ ಎಂಬ ಅವರ ಮಾತು ವಾರ್ಡಿನ ಬಾಗಿಲವರೆಗೂ ಕೇಳಿಸಿತು. ಸಂಜೆಯೊಳಗೆ ರಾಮದುರ್ಗದ ಓಣಿಯಲ್ಲಿ ಸುದ್ದಿ ಹರಡಿತ್ತು: ಡಾಕ್ಟರು ನರ ಕೊಯ್ದರಂತೆ, ಲಕ್ವಾ ಹೊಡೀತಂತೆ.

ಮೂರನೆಯ ದಿನ ಒಬ್ಬ ಕಿರಿಯ ವೈದ್ಯರು ಬಿಡುವು ಮಾಡಿಕೊಂಡು ಬಂದು ಕೂತರು. ರಕ್ತಪರೀಕ್ಷೆಯ ಚೀಟಿಯ ಹಿಂಬದಿಗೆ ಮಿದುಳಿನ ಚಿತ್ರ ಬರೆದು ತೋರಿಸಿದರು. ಹತ್ತು ನಿಮಿಷ ಹಿಡಿಯಿತಷ್ಟೇ. ಆ ಹತ್ತು ನಿಮಿಷ ಮೂರು ದಿನ ಮೊದಲೇ ಸಿಕ್ಕಿದ್ದರೆ!

ಅವರು ಹೇಳಿದ್ದನ್ನು, ಆಮೇಲೆ ನಾನು ಓದಿಕೊಂಡದ್ದನ್ನು ಸೇರಿಸಿ ಹೇಳುತ್ತೇನೆ. ನಮ್ಮ ಮಿದುಳಿನಲ್ಲಿ ಕೈಕಾಲುಗಳಿಗೆ ನೇರವಾಗಿ ಅಪ್ಪಣೆ ಕಳಿಸುವ ಒಂದು ಪಟ್ಟಿ ಇದೆ. ಅದರ ಮುಂದೆ, ಎರಡು ಅರ್ಧಗೋಳಗಳ ಒಳಮಗ್ಗುಲಿಗೆ, ಇನ್ನೊಂದು ಜಾಗವಿದೆ. ಹೆಸರು ಸಪ್ಲಿಮೆಂಟರಿ ಮೋಟಾರ್ ಏರಿಯಾ. ಮಾಂಟ್ರಿಯಲ್‌ನ ಪ್ರಸಿದ್ಧ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ ಮತ್ತು ಅವರ ಸಂಗಡಿಗರು 1951 ರಲ್ಲಿ ಇದನ್ನು ವಿವರಿಸಿದರು. ಯಾರೂ ಹೇಳದೆ, ನಮ್ಮಷ್ಟಕ್ಕೆ ನಾವೇ ಒಂದು ಚಲನೆಯನ್ನು ಶುರು ಮಾಡುವುದರಲ್ಲಿ ಈ ಜಾಗದ ಪಾತ್ರ ದೊಡ್ಡದು. ‘ಏಳಬೇಕು’ ಎಂದುಕೊಂಡು ಎದ್ದೇಳುತ್ತೇವಲ್ಲ, ಆ ಎಂದುಕೊಳ್ಳುವುದಕ್ಕೂ ಏಳುವುದಕ್ಕೂ ನಡುವಿನ ಕೆಲಸ ಇದರದು. ಗಡ್ಡೆ ಇಲ್ಲೇ ಕೂತಿದ್ದರೆ, ತೆಗೆಯುವಾಗ ಈ ಜಾಗದ ಒಂದಷ್ಟು ಭಾಗವೂ ಹೋಗುತ್ತದೆ. ಆಗ ಕೈಯ ಸ್ನಾಯು ಸರಿಯಿದೆ, ನರದ ದಾರಿ ಸರಿಯಿದೆ, ಅಪ್ಪಣೆ ಕಳಿಸುವ ಪಟ್ಟಿಯೂ ಸರಿಯಿದೆ. ಶುರು ಮಾಡುವವರೇ ಇಲ್ಲ.

1977 ರಲ್ಲಿ ಫ್ರಾನ್ಸಿನ ಲಾಪ್ಲಾನ್ ಮತ್ತು ಸಂಗಡಿಗರು ಇಂಥ ಮೂವರು ರೋಗಿಗಳನ್ನು ಗಮನಿಸಿ, ಈ ತೊಂದರೆ ಮೂರು ಹಂತದಲ್ಲಿ ಸಾಗುತ್ತದೆ ಎಂದು ಬರೆದರು. ಆಪರೇಷನ್ ಆದ ಕೂಡಲೇ ಚಲನೆ, ಮಾತು ಎರಡೂ ನಿಂತಂತಾಗುವುದು ಮೊದಲ ಹಂತ. ದಿನಗಳು ಕಳೆದಂತೆ ಮೈ ಆಡತೊಡಗಿ, ಎದುರು ಮಗ್ಗುಲಿನ ಕೈಕಾಲು ಮಾತ್ರ ತಾನಾಗಿ ಏನೂ ಮಾಡದೆ ಉಳಿಯುವುದು ಎರಡನೆಯದು. ಕೊನೆಗೆ ಎರಡೂ ಕೈಗಳನ್ನು ಒಂದಾದ ಮೇಲೊಂದು ಬೇಗ ಬೇಗ ಆಡಿಸುವಾಗಷ್ಟೇ ತೊಡಕು ಉಳಿಯುವುದು ಮೂರನೆಯದು. ಬಹಳ ಮಂದಿ ಕೆಲವು ವಾರಗಳಿಂದ ಕೆಲವು ತಿಂಗಳುಗಳೊಳಗೆ ಈ ದಾರಿ ಸವೆಸುತ್ತಾರೆ. ಮಿದುಳಿನ ಇನ್ನೊಂದು ಬದಿಯಲ್ಲಿರುವ ಅದೇ ಜಾಗ ಕೆಲಸವನ್ನು ವಹಿಸಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಜೋಡೆತ್ತಿನಲ್ಲಿ ಒಂದು ಕುಸಿದಾಗ ಇನ್ನೊಂದು ಎರಡರ ಭಾರವನ್ನೂ ಎಳೆಯಲು ರೂಢಿಯಾಗಬೇಕು. ಅದಕ್ಕೆ ಸಮಯ ಬೇಕು. ನಮ್ಮ ಬೈಲಹೊಂಗಲದ ರೈತರಿಗೆ ಇದನ್ನು ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಇದೊಂದೇ ಕಾರಣವಲ್ಲ. ಆಪರೇಷನ್ ಆದ ಜಾಗದ ಸುತ್ತ ಬಾವು ಬಂದು ಕೆಲವು ದಿನ ಕೈಕಾಲು ಸೋಲಬಹುದು, ಬಾವು ಇಳಿದಂತೆ ಸುಧಾರಿಸಬಹುದು. ಫಿಟ್ಸ್ ಬಂದು ಹೋದ ಮೇಲೆ ಕೆಲವು ತಾಸು, ಒಮ್ಮೊಮ್ಮೆ ಒಂದೆರಡು ದಿನ ಒಂದು ಮಗ್ಗುಲು ಬಿದ್ದಿರುವುದೂ ಉಂಟು. ಮಕ್ಕಳಲ್ಲಿ ಹಿಂದಲೆಯ ಗಡ್ಡೆ ತೆಗೆದ ಮೇಲೆ, ಮೊದಲು ಎರಡು ಮಾತಾಡಿದ ಮಗು ಒಂದೆರಡು ದಿನದಲ್ಲಿ ಪೂರ್ತಿ ಮೂಕವಾಗಿ, ಕತ್ತು ನಿಲ್ಲದಂತಾಗಿ, ವಾರಗಟ್ಟಲೆ ಹಾಗೇ ಇದ್ದು, ಆಮೇಲೆ ತೊದಲುತ್ತ ಮಾತಿಗೆ ಮರಳುವುದಿದೆ. ಹೆತ್ತವರಿಗೆ ಇದನ್ನು ಮೊದಲೇ ಹೇಳದಿದ್ದರೆ ಅವರ ಗತಿ ಏನು, ಯೋಚಿಸಿ.

ಹಾಗಂತ ಎಲ್ಲವೂ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಅಪ್ಪಣೆಯ ಪಟ್ಟಿಗೋ ಅಲ್ಲಿಂದ ಇಳಿಯುವ ನರಗಳ ದಾರಿಗೋ ಪೆಟ್ಟು ಬಿದ್ದರೆ ಸೋಲು ಶಾಶ್ವತವಾಗಿ ಉಳಿಯಬಹುದು. ರಕ್ತಸ್ರಾವವಾದರೆ ತುರ್ತಾಗಿ ಮತ್ತೆ ಆಪರೇಷನ್ ಬೇಕಾಗಬಹುದು. ಮನೆಯವರು ನೋಡಿ ಇದು ಯಾವುದು ಎಂದು ತೀರ್ಮಾನಿಸಲಾಗದು. ವೈದ್ಯರು ಕೈಯಲ್ಲಿ ಉಳಿದಿರುವ ಬಿಗಿ ನೋಡುತ್ತಾರೆ, ಸ್ಕ್ಯಾನ್ ನೋಡುತ್ತಾರೆ, ಆಪರೇಷನ್ ನಡೆದಾಗ ನರಗಳ ದಾರಿ ಹೇಗಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ. ನಮ್ಮ ಕೆಲಸ ಕೇಳುವುದು: ‘ಇದು ಯಾವ ನಮೂನಿದ್ದು ಸಾಹೇಬ್ರ? ಎಷ್ಟು ವಾರ ನೋಡಬೇಕು?’ ಕೇಳಿದರೆ ಸಿಟ್ಟಾಗುತ್ತಾರೇನೋ ಎಂಬ ಅಂಜಿಕೆ ನಮ್ಮ ಹಳ್ಳಿಗಳ ಜನರಲ್ಲಿ ಬೇರೂರಿದೆ. ಡಾಕ್ಟರ ಮುಂದೆ ಎರಡನೇ ಪ್ರಶ್ನೆ ಕೇಳಿದ್ದನ್ನು ನಾನು ಕಂಡದ್ದು ಅಪರೂಪ.

ಮೊದಲೇ ಹೇಳಿದರೆ ಜನ ಹೆದರಿ ಆಪರೇಷನ್ ಬೇಡ ಎಂದು ಓಡಿಹೋಗುತ್ತಾರೆ ಎಂಬ ವಾದವನ್ನು ನನ್ನ ಕಾಲೇಜಿನ ಸಹಪಾಠಿಗಳೂ ಮುಂದಿಡುತ್ತಾರೆ. ನಾನು ಒಪ್ಪುವುದಿಲ್ಲ. ‘ಮೂರು ವಾರ ಕೈ ಆಡದಿರಬಹುದು, ಮಾತು ನಿಲ್ಲಬಹುದು, ಗಾಬರಿಯಾಗಬೇಡಿ’ ಎಂದು ಕೇಳಿಸಿಕೊಂಡ ಮನೆಗೂ, ಏನೂ ಗೊತ್ತಿಲ್ಲದೆ ಅದನ್ನು ಕಣ್ಣಾರೆ ಕಂಡ ಮನೆಗೂ ಹೋಲಿಕೆಯೇ ಇಲ್ಲ. ಮೊದಲನೆಯವರು ದಿನ ಎಣಿಸುತ್ತಾರೆ. ಎರಡನೆಯವರು ಹೆಣದ ಮುಂದೆ ಕೂತಂತೆ ಕೂರುತ್ತಾರೆ. ರೋಗಿಗೆ ಚಿಕಿತ್ಸೆಯ ಸ್ವರೂಪ, ಲಾಭ, ಮುಖ್ಯ ಅಪಾಯ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008 ರಲ್ಲೇ ಹೇಳಿದೆ. ಓದಲು ಬಾರದ ಭಾಷೆಯ ಫಾರ್ಮಿನ ಮೇಲೆ ಸಹಿ ಬಿದ್ದರೆ ತಿಳಿಸಿದಂತಾಯಿತೇ? ಕನ್ನಡದಲ್ಲಿ ಒಂದೇ ಒಂದು ಪುಟ, ಒಂದು ಚಿತ್ರ. ಅಷ್ಟು ಮಾಡಲು ಯಾವ ಯಂತ್ರವೂ ಬೇಡ.

2017 ರ ಜುಲೈನಲ್ಲಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಯುವಕರೊಬ್ಬರು ಮಿದುಳಿನ ಆಪರೇಷನ್ ನಡೆಯುತ್ತಿರುವಾಗಲೇ ಗಿಟಾರ್ ನುಡಿಸಿದ್ದು ನಿಮಗೆ ನೆನಪಿರಬಹುದು. ಗಿಟಾರ್ ಹಿಡಿದಾಗ ಬೆರಳು ಸೆಟೆದುಕೊಳ್ಳುವ ಡಿಸ್ಟೋನಿಯಾ ಅವರಿಗಿತ್ತು. ಆ ಚಿತ್ರ ದೇಶವೆಲ್ಲ ಸುತ್ತಿತು, ಸುತ್ತಬೇಕಾದದ್ದೇ. ಆದರೆ ಇಂಥ ಸುದ್ದಿಗಳನ್ನು ನೋಡಿ ನೋಡಿ ಆಪರೇಷನ್ ಥಿಯೇಟರಿನಲ್ಲೇ ಎಲ್ಲ ಮುಗಿಯುತ್ತದೆ ಎಂಬ ಕಲ್ಪನೆ ನಮ್ಮಲ್ಲಿ ಬೆಳೆದಿದೆ. ಮಿದುಳಿನ ಆಪರೇಷನ್ ಎಂದರೆ ಕೆಲವು ತಾಸಿನ ಕೆಲಸ. ಆಮೇಲಿನ ತಿಂಗಳುಗಳನ್ನು ಯಾವ ಕ್ಯಾಮೆರಾವೂ ನೋಡುವುದಿಲ್ಲ.

ಆ ತಿಂಗಳುಗಳಲ್ಲಿ ಏನೇನು ನಡೆಯುತ್ತದೆ? ಬಂದವರೆಲ್ಲ ರೋಗಿಯ ಸೋತ ಕೈ ಹಿಡಿದು ಎಳೆದು ಕೂರಿಸುತ್ತಾರೆ. ಹಾಗೆ ರಟ್ಟೆ ಹಿಡಿದು ಎತ್ತಿದರೆ ಭುಜದ ಕೀಲು ಜಾರಬಹುದು. ಆಮೇಲೆ ಕೈ ಮರಳಿದರೂ ನೋವು ಬಿಡುವುದಿಲ್ಲ. ಬೆನ್ನಿನ ಕೆಳಗೆ ಕೈ ಕೊಟ್ಟು ಎತ್ತಬೇಕು, ಸೋತ ಕೈಯ ಕೆಳಗೆ ದಿಂಬು ಇಡಬೇಕು. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ. ಎಣ್ಣೆ ತಿಕ್ಕುವುದರ ಬಗ್ಗೆ ನನಗೆ ಅಂಥ ಜಗಳವಿಲ್ಲ. ಆದರೆ ಬಹುದಿನ ಆಡದ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿರುವ ಸಾಧ್ಯತೆ ಇರುತ್ತದೆ. ಮೀನಖಂಡ ಬಾತು ನೋಯುತ್ತಿದ್ದರೆ ಅದನ್ನು ಯಾರಿಂದಲೂ ತಿಕ್ಕಿಸಬಾರದು, ಮೊದಲು ಆಸ್ಪತ್ರೆಗೆ ತೋರಿಸಬೇಕು. ಇನ್ನು ನಾಟಿ ಔಷಧ ಶುರುವಾದ ದಿನವೇ ಫಿಟ್ಸಿನ ಗುಳಿಗೆ ನಿಲ್ಲುತ್ತದೆ, ಅದು ಅದಕ್ಕಿಂತ ದೊಡ್ಡ ಅಪಾಯ. ಕಿತ್ತೂರಿನ ನಮ್ಮ ಬಳಗದ ಹಿರಿಯರೊಬ್ಬರು ಹೀಗೇ ಗುಳಿಗೆ ಬಿಟ್ಟು, ಹದಿನೈದು ದಿನದಲ್ಲಿ ಮತ್ತೆ ಫಿಟ್ಸ್ ಬಂದು, ಬಿದ್ದು ಹಲ್ಲು ಮುರಿದುಕೊಂಡರು.

ಆಪರೇಷನ್ ನಂತರ ಸುಧಾರಿಸುತ್ತಿದ್ದವರು ದಿಢೀರನೆ ಮತ್ತೆ ಸೋತರೆ, ತಲೆನೋವು ಏರುತ್ತಲೇ ಹೋದರೆ, ವಾಂತಿ, ಜ್ವರ, ಮಂಪರು, ಗಾಯದಿಂದ ನೀರು ಸೋರುವುದು ಕಂಡರೆ ಕಾಯುತ್ತ ಕೂರಬೇಡಿ. ‘ತಾತ್ಕಾಲಿಕ’ ಎಂಬ ಮಾತು ಇವುಗಳಿಗೆ ಅನ್ವಯಿಸುವುದಿಲ್ಲ.

ಮಾಮಾನನ್ನು ಒಂಬತ್ತನೇ ದಿನಕ್ಕೆ ಮನೆಗೆ ಕಳಿಸಿದರು. ಕೇಳಿದ್ದು ಮಾಡುವುದಿಲ್ಲ, ಆದರೆ ಮುಖದ ಮೇಲೆ ನೊಣ ಕೂತರೆ ಅದೇ ಬಲಗೈ ತಟ್ಟನೆ ಎದ್ದು ಓಡಿಸುತ್ತದೆ! ‘ನಾಟಕ ಮಾಡ್ತಾನೇನು’ ಎಂದು ನೆರೆಯವರು ಗುಸುಗುಸು ಮಾಡಿದರು. ನಾಟಕವಲ್ಲ. ಮನಸ್ಸಿಟ್ಟು ಶುರು ಮಾಡುವ ಚಲನೆ ಕಷ್ಟ, ಹೊರಗಿನಿಂದ ಏನೋ ಒಂದು ತಟ್ಟಿದಾಗ ತಾನಾಗಿ ಬರುವ ಚಲನೆ ಅಷ್ಟು ಕಷ್ಟವಲ್ಲ. ಈ ತೊಂದರೆಯ ಗುಣವೇ ಅದು. ಬನದ ಹುಣ್ಣಿಮೆ ಬಂತು. ಪ್ರತಿವರ್ಷ ಬಂಡಿ ಕಟ್ಟಿಕೊಂಡು ಸವದತ್ತಿಯ ಗುಡ್ಡಕ್ಕೆ ಹೋಗುವ ಮನೆ, ಆ ಸಲ ಹೋಗಲಿಲ್ಲ. ಮನೆಯಲ್ಲೇ ಪಡ್ಡಲಗಿ ತುಂಬಿಸಿದರು. ಎಲ್ಲರೂ ‘ಉಧೋ’ ಎಂದಾಗ, ಹದಿಮೂರು ದಿನ ಮಾತೇ ಇಲ್ಲದಿದ್ದ ಮಾಮಾ ‘ಉಧೋ’ ಎಂದರು. ಮನೆ ಮಂದಿ ಅಳತೊಡಗಿದರು. ರೂಢಿಯ ಮಾತು, ಬೇರೆಯವರು ಅಂದದ್ದನ್ನು ಹಿಂದೆಯೇ ಅನ್ನುವುದು ಇಂಥವರಲ್ಲಿ ಮೊದಲು ಮರಳಬಹುದು ಎಂದು ನಾನು ಓದಿದ್ದೆ. ಅವ್ವ ಎಲ್ಲವ್ವನ ಕೃಪೆ ಎಂದಳು. ನಾನು ವಾದಕ್ಕೆ ಹೋಗಲಿಲ್ಲ. ಮರುದಿನದಿಂದ ವ್ಯಾಯಾಮಕ್ಕೆ ಅದನ್ನೇ ಹಿಡಿದುಕೊಂಡೆ. ‘ಕೈ ಎತ್ತ್ರಿ’ ಎಂದರೆ ಏಳದ ಕೈ, ತಾಳ ಹಾಕಿ ಎಣಿಸಿದರೆ, ಚಹಾದ ಕಪ್ಪು ಮುಂದೆ ಹಿಡಿದರೆ ಸ್ವಲ್ಪ ಸ್ವಲ್ಪ ಏಳುತ್ತಿತ್ತು. ಭಾರತ ಹುಣ್ಣಿಮೆಯ ಹೊತ್ತಿಗೆ ಗೋಡೆ ಹಿಡಿದು ನಡೆದರು.

ಮಾಮಾಗೆ ಮನೆಯಲ್ಲೇ ಒಬ್ಬ ಫಿಸಿಯೋಥೆರಪಿ ಹುಡುಗಿ ಇದ್ದಳು, ಅದೂ ರಜೆ ಹಾಕಿ ಬಂದವಳು. ಎಲ್ಲರ ಮನೆಯಲ್ಲಿ ಇರುತ್ತಾಳೆಯೇ? ನಮ್ಮ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಮಿದುಳಿನ ರೋಗಿಯನ್ನು ವ್ಯಾಯಾಮಕ್ಕೆಂದು ಬೆಳಗಾವಿಗೋ ಧಾರವಾಡ-ಹುಬ್ಬಳ್ಳಿಗೋ ಕರೆದೊಯ್ದರೆ ಒಂದು ದಿನದ ದುಡಿಮೆ ಹೋಯಿತು. ಬಸ್ಸಿನಲ್ಲಿ ಅತ್ತೆಗೆ ಶಕ್ತಿ ಯೋಜನೆಯ ಪುಕ್ಕಟೆ ಟಿಕೆಟ್, ಕಾಯಿಲೆಯ ಮಾಮಾಗೆ ಪೂರ್ತಿ ಟಿಕೆಟ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ. ಮಾಮಾನ ಆಪರೇಷನ್ ಆದದ್ದೂ ಆ ಕಾರ್ಡಿನ ಮೇಲೆಯೇ, ಅದಿಲ್ಲದಿದ್ದರೆ ಮನೆ ಮಾರಬೇಕಿತ್ತು. ಆದರೆ ಆಯುಷ್ಮಾನ್ ಭಾರತದಲ್ಲಿ ಬಿಡುಗಡೆಯ ನಂತರದ ಔಷಧ-ತಪಾಸಣೆಗೆ ಇರುವ ಅವಧಿ 15 ದಿನ. ಮಿದುಳು ಕೇಳುವುದು ಮೂರು ತಿಂಗಳು. ಲಕ್ಷಗಟ್ಟಲೆ ಖರ್ಚು ಮಾಡಿ ಗಡ್ಡೆ ತೆಗೆಸಿದ ಸರ್ಕಾರ, ಆ ಕೈಯನ್ನು ಮತ್ತೆ ಕೆಲಸಕ್ಕೆ ಹಚ್ಚುವ ಸಣ್ಣ ಖರ್ಚಿನ ಹತ್ತಿರ ಬಂದು ನಿಂತುಬಿಡುವುದು ನನಗೆ ಅರ್ಥವಾಗದ ಜಿಪುಣತನ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ನರರೋಗಿಗಳಿಗೆ ವ್ಯಾಯಾಮ ಮಾಡಿಸಬಲ್ಲ ಒಬ್ಬ ಫಿಸಿಯೋಥೆರಪಿಸ್ಟ್ ಖಾಯಂ ಆಗಿ ಇರಬೇಕು. ಭುಜ ಹಿಡಿಯುವುದು, ಮಗ್ಗುಲು ಬದಲಿಸುವುದು ಇಂಥವನ್ನು ಆಶಾ ಕಾರ್ಯಕರ್ತೆಯರಿಗೆ ಒಂದು ದಿನದಲ್ಲಿ ಕಲಿಸಬಹುದು. ಅದಕ್ಕೆ ತಕ್ಕ ಗೌರವಧನವನ್ನೂ ಕೊಡಬೇಕು, ಅವರ ತಲೆಯ ಮೇಲೆ ಈಗಾಗಲೇ ಹೊರೆ ಸಾಕಷ್ಟಿದೆ. ನನ್ನ ತರಗತಿಯ ಬಹುಪಾಲು ಗೆಳತಿಯರ ಕಣ್ಣು ಬೆಂಗಳೂರು, ಪುಣೆ, ವಿದೇಶದ ಮೇಲಿದೆ. ಅವರನ್ನು ದೂರಲಾರೆ. ಇಲ್ಲಿ ಹುದ್ದೆಯಿಲ್ಲದೆ ಇಲ್ಲೇ ಇರಿ ಎನ್ನುವುದು ಯಾವ ನ್ಯಾಯ?

ಕಾನೂನಿನ ಕಣ್ಣಿಗೂ ಇಂಥವರು ಬೀಳುವುದಿಲ್ಲ. 2016 ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ವ್ಯಾಖ್ಯೆಯಲ್ಲೇ ‘ದೀರ್ಘಕಾಲದ’ ಎಂಬ ಪದವಿದೆ. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ರ ಗೆರೆಯೂ ಇದೆ. ಬರೆಯಲು ಕೂತಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ, ಶೇ 40 ಆಗದಿದ್ದರೂ ಪರೀಕ್ಷೆಯಲ್ಲಿ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು 2021 ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತೊಂದರೆಯನ್ನು ಅಳೆಯಬೇಕಾದದ್ದು ಅದು ಏನನ್ನು ತಡೆಯುತ್ತದೆ ಎಂಬುದರಿಂದ. ಫೆಬ್ರುವರಿಯಲ್ಲಿ ಆಪರೇಷನ್ ಆಗಿ ಮಾರ್ಚ್‌ನಲ್ಲಿ ಪರೀಕ್ಷೆ ಬರೆಯಬೇಕಾದ ಹುಡುಗನಿಗೆ, ಜೂನ್ ಹೊತ್ತಿಗೆ ಕೈ ಸರಿಹೋಗುತ್ತದೆ ಎಂಬ ಮಾತಿನಿಂದ ಏನು ಉಪಯೋಗ? ಮೂರು ತಿಂಗಳಿಗಷ್ಟೇ ಮಾನ್ಯವಾದ ಒಂದು ವೈದ್ಯಕೀಯ ಪತ್ರ, ಅದರ ಮೇಲೆ ಬಸ್ ರಿಯಾಯಿತಿ, ಪರೀಕ್ಷೆಗೆ ಲಿಪಿಕಾರ, ದಿನಗೂಲಿಯವರಿಗೆ ಒಂದಿಷ್ಟು ಜೀವನಾಧಾರ. ಕೈ ಮರಳಿದ ದಿನ ಪತ್ರವೂ ಮುಗಿಯಲಿ.

ಯುಗಾದಿಯ ಮರುವಾರ ಮಾಮಾ ಮಗ್ಗಕ್ಕೆ ಹೋದರು. ನಡಿಗೆ ನೆಟ್ಟಗಿದೆ, ಮಾತು ಬಂದಿದೆ, ಮುಷ್ಟಿಯಲ್ಲಿ ಶಕ್ತಿಯಿದೆ. ಆಸ್ಪತ್ರೆಯ ಕಾಗದದಲ್ಲಿ ‘ಪೂರ್ಣ ಚೇತರಿಕೆ’ ಎಂದಿದೆ. ಆದರೆ ಎಳೆ ಕಡಿದಾಗ ಎರಡೂ ಕೈಯ ಬೆರಳು ಜೊತೆಯಲ್ಲಿ ಆಡಬೇಕು, ಒಂದು ಹಿಡಿಯಬೇಕು, ಇನ್ನೊಂದು ಗಂಟು ಹಾಕಬೇಕು, ಅದೂ ಸರಸರನೆ. ಲಾಪ್ಲಾನ್ ಹೇಳಿದ ಮೂರನೆಯ ಹಂತ ನೇಕಾರನ ಮೈಯಲ್ಲಿ ಕಾಣಿಸುವುದು ಇಲ್ಲಿಯೇ. ಮೊದಲು ದಿನಕ್ಕೆ ನೇಯುತ್ತಿದ್ದುದರಲ್ಲಿ ಈಗ ಮುಕ್ಕಾಲು ಆಗುತ್ತದೆ, ಕೂಲಿಯೂ ಮುಕ್ಕಾಲು. ಆ ಮೂರು ತಿಂಗಳ ಅಡುಗೆಮನೆ ನಡೆಸಲು ಅತ್ತೆ ಮಹಿಳಾ ಸಂಘದಲ್ಲಿ ಎತ್ತಿದ ಸಾಲದ ಕಂತು ಇನ್ನೂ 20 ವಾರ ಬಾಕಿ ಇದೆ.